ಸಿಂಗಾಪುರಕ್ಕೆ ಹೋದ ಪಾತ್ರೆ

ಜಯಶೀಲರು ಮರಗಮ್ಮನವರ ಬಾಗಿಲು ತಟ್ಟಿದಾಗ ಲತೇಶ್ ಅಲ್ಲೇ ಇದ್ದ. ಭಜನಾ ಮಂದಿರದ ಶನಿಪೂಜೆಯ ಪಾಯಸ ತಂದುಕೊಟ್ಟು, ಮಂದಿರಕ್ಕೆ ಹೊಸದಾಗಿ ಬಂದ ಪಾತ್ರೆಯ ಗುಣಗಾನ ಮಾಡುತ್ತಿದ್ದ. ಎಷ್ಟು ಕುದಿಸಿದರೂ ತಳ ಹಿಡಿಯುವುದಿಲ್ಲ, ಬಡಿಸುವವನ ಪುಣ್ಯ ಎನ್ನುತ್ತಿದ್ದ.

ಕಲಬುರಗಿ ಕಡೆಯ ಮರಗಮ್ಮ ಲೋಹ ಪರೀಕ್ಷೆಯ ಪ್ರಯೋಗಾಲಯದಿಂದ ನಿವೃತ್ತರಾಗಿ ಮುಂಬಯಿ ಬದಿಯ ಡೊಂಬಿವಲಿಯಲ್ಲೇ ಉಳಿದವರು. ಸೊಸೈಟಿಯ ಟ್ಯಾಂಕಿಗೆ ಏನು ಬಿತ್ತು, ಲಿಫ್ಟಿನಲ್ಲಿ ಸರ ಎಗರಿಸಿದ್ದು ಯಾರು ಎಂಬ ಕಗ್ಗಂಟುಗಳೆಲ್ಲ ಮೊದಲು ಅವರ ಬಳಿಗೇ ಬರುತ್ತಿದ್ದವು. ಕೆಳಮನೆಯ ಲತೇಶ್ ಠಾಣೆ ನಗರದ ಒಂದು ಹೋಟೆಲಿನ ಮ್ಯಾನೇಜರ್. ರಜೆ ಸಿಕ್ಕಾಗಲೆಲ್ಲ ಅವರ ಹಿಂದೆ ಹೊರಟುಬಿಡುತ್ತಿದ್ದ.

ಜಯಶೀಲರಿಗೆ ರಬಾಳೆಯಲ್ಲಿ ಹೋಟೆಲುಗಳ ದೊಡ್ಡ ಸ್ಟೀಲ್ ಪಾತ್ರೆ ಮಾಡುವ ಕಾರ್ಖಾನೆ. ಮಸ್ಕತ್ತಿನ ವ್ಯಾಪಾರಿಯೊಬ್ಬ ಅವರಿಂದ ಪಾತ್ರೆ ತರಿಸಿಕೊಂಡು, ತುಕ್ಕು ಹಿಡಿದಿವೆ, ಅಗ್ಗದ ಉಕ್ಕು ಹಾಕಿದ್ದೀರಿ ಎಂದು ತಕರಾರು ತೆಗೆದಿದ್ದ. ಇವರ ಕೋರ್ಟನ್ನು ಅವನು ನಂಬಲಾರ, ಅವನ ಕೋರ್ಟನ್ನು ಇವರು ನಂಬಲಾರರು. ಅದಕ್ಕೇ ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದಂತೆ ಜಗಳ ಸಿಂಗಾಪುರದ ಮಧ್ಯಸ್ಥರ ಮುಂದೆ ಹೋಯಿತು. ಆ ಲಾಟಿನಲ್ಲಿ ಕಾರ್ಖಾನೆಯಲ್ಲೇ ಉಳಿದಿದ್ದ ಒಂದು ಪಾತ್ರೆಯನ್ನು ಪರೀಕ್ಷೆಗೆ ಕೊಡಿ ಎಂದು ಅವರು ಆದೇಶಿಸಿದರು. ಅಲ್ಲಿಂದ ತಜ್ಞನೊಬ್ಬ ಬಂದು, ಎರಡೂ ಕಡೆಯವರೆದುರು ಅದಕ್ಕೆ ಸೀಲು ಹಾಕಿ ಒಯ್ದ. ಕತ್ತರಿಸಿ ನೋಡಿದರೆ ಅಗ್ಗದ ಉಕ್ಕು. ತೀರ್ಪು ಜಯಶೀಲರ ವಿರುದ್ಧ ಬಂತು. ಕಾರ್ಖಾನೆ ಮಾರದೆ ದಾರಿಯಿರಲಿಲ್ಲ.

“ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ನಾನೇ ನಿಂತು ಪ್ರತಿ ಶೀಟಿಗೂ ಪರೀಕ್ಷೆಯ ಮದ್ದು ಹಾಕಿಸಿ ನೋಡಿ ತಂದದ್ದು, ಅಮ್ಮ,” ಎಂದರು ಅವರು. “ಪಾತ್ರೆ ಬದಲಾಗಿದೆ. ಅದನ್ನು ಇಟ್ಟಿದ್ದ ಕಪಾಟಿನ ಬೀಗದ ಕೈ ಇದ್ದದ್ದು ನನ್ನ ಅಳಿಯನ ಹತ್ರ ಮಾತ್ರ. ಎದೆ ಮೇಲೆ ಮಲಗಿಸಿ ಸಾಕಿದ ಹುಡುಗ. ಅವನೇ ಮಾಡಿದ್ದು ಅಂತ ಸಾಬೀತು ಮಾಡಿ ಕೊಡಿ, ನಾಳೆಯೇ ಪೊಲೀಸಿಗೆ ಹೇಳ್ತೇನೆ.”

ಅಳಿಯ ಎಂದರೆ ಅಕ್ಕನ ಮಗ ಪೃಥ್ವಿರಾಜ್. ಅವನನ್ನು ಆಗಲೇ ಮನೆಯಿಂದ ಹೊರಹಾಕಿದ್ದಾಗಿತ್ತು.

“ಸಾಬೀತು ಏನಾಗತೈತೋ ಅದನ್ನ ಹೇಳ್ತೀನ್ರಿ. ನಿಮಗ ಬೇಕಾದದ್ದನ್ನ ಅಲ್ಲ,” ಎಂದರು ಮರಗಮ್ಮ.

ಮರುದಿನ ರಬಾಳೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಮುರಾರಿ ಎಲ್ಲವನ್ನೂ ತೋರಿಸಿದ. ಒಂದೇ ಅಚ್ಚಿನಲ್ಲಿ ಎರಡು ಬಗೆ: ಹೊರದೇಶಕ್ಕೆ ಒಳ್ಳೆಯ ಉಕ್ಕಿನವು, ಇಲ್ಲಿನ ಮದುವೆ ಅಡುಗೆಯವರಿಗೆ ಅಗ್ಗದವು. ನೋಡಲು ಅವಳಿಜವಳಿ, ಪಾತ್ರೆಯ ಕಿವಿಗೆ ಕಟ್ಟಿದ ಚೀಟಿಯೊಂದೇ ಗುರುತು. ಹೊರದೇಶದ ಲಾಟಿನ ಮೊದಲ ಪಾತ್ರೆಯಲ್ಲಿ, ಒಲೆ ಹಚ್ಚಿ, ದೇವರ ಪಟದೆದುರು ಹಾಲು ಉಕ್ಕಿಸುವುದು ಅಲ್ಲಿನ ಪದ್ಧತಿ. ಅದನ್ನು ಮಾರುವುದಿಲ್ಲ. ಹಾಗಾಗಿಯೇ ಅದೊಂದು ಉಳಿದಿತ್ತು. ಆದೇಶ ಬಂದ ದಿನವೇ ಪೃಥ್ವಿರಾಜ್ ಅದನ್ನು ಆಫೀಸಿನ ಕಪಾಟಿಗೆ ಹಾಕಿ ಬೀಗ ಜಡಿದಿದ್ದ.

ಆಫೀಸಿಗೆ ಬೇರೆ ಯಾರು ಬರುತ್ತಾರೆಂದು ಮರಗಮ್ಮ ಕೇಳಿದರು.

“ಯಾರೂ ಬರುದಿಲ್ಲ. ಶುಕ್ರವಾರ ಧಣಿಗಳ ಹೆಂಡತಿ ಪಟಕ್ಕೆ ಹೂ ಹಾಕಿ ದೀಪ ಹಚ್ಲಿಕ್ಕೆ ಬರ್ತಾರೆ, ಅಷ್ಟೇ.”

ಮರಗಮ್ಮ ಕಪಾಟು ತೆಗೆಸಿದರು. ಒಳಗೆ ಫೈಲುಗಳ ಪಕ್ಕದಲ್ಲಿ ದೀಪದೆಣ್ಣೆ, ಬತ್ತಿ, ಊದುಬತ್ತಿ. ಜಯಶೀಲರ ಮಗಳು, ವಕೀಲೆ ನಿಕಿತಾ, ಸಿಂಗಾಪುರದ ಪ್ರಯೋಗಾಲಯದವರು ಕತ್ತರಿಸುವ ಮುಂಚೆ ತೆಗೆದ ಫೋಟೊಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಬೋರಲು ಹಾಕಿದ ಪಾತ್ರೆಯ ತಳ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮರಗಮ್ಮ ಅದನ್ನೇ ನೋಡುತ್ತ ಕುಳಿತರು. ಲತೇಶ್ ಕೂಡ ಬಗ್ಗಿ ನೋಡಿದ. ಅವನಿಗೆ ಪಾತ್ರೆ ಬಿಟ್ಟು ಏನೂ ಕಾಣಲಿಲ್ಲ.

ಪೃಥ್ವಿರಾಜ್ ಟಿಟ್ವಾಳಾದ ಬಾಡಿಗೆ ಖೋಲಿಯಲ್ಲಿ ಸಿಕ್ಕಿದ. ಜಗಳಾಡುವ ತ್ರಾಣವೂ ಉಳಿದಿರಲಿಲ್ಲ. “ಛೋಡೋ ಆಂಟಿ, ಬಿಟ್ಟುಬಿಡಿ,” ಎಂದ. “ನಾನು ಏನು ಹೇಳಿದ್ರೂ ಮಾವನಿಗೆ ಅದು ಕಳ್ಳನ ಮಾತು.”

ಹಿಂದಿರುಗುವಾಗ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮರಗಮ್ಮ ಕೇಳಿದ್ದು ಒಂದೇ ಪ್ರಶ್ನೆ. “ತಮ್ಮಾ, ನಿಮ್ಮ ಮಂದಿರಕ್ಕ ಆ ಪಾತ್ರಿ ಕೊಟ್ಟವರು ಯಾರು?” ಹೆಸರು ಹೇಳಬೇಡಿ ಅಂದಿದ್ದರಂತೆ ಎಂದ ಲತೇಶ್. ಅವರು ಕಿಟಕಿಯ ಕಡೆ ತಿರುಗಿದರು. ಮುಖದಲ್ಲಿ ಗೆಲುವಿರಲಿಲ್ಲ.

ಶನಿವಾರ ಸಂಜೆ, ಭಜನೆಗೆ ಮುಂಚೆ, ಎಲ್ಲರೂ ಮಂದಿರದ ಅಡುಗೆಕೋಣೆಯಲ್ಲಿ ಸೇರಿದರು. ಜಯಶೀಲರು, ಹೆಂಡತಿ ರತ್ನಾವತಿ, ನಿಕಿತಾ, ಮುರಾರಿ. ಬಾಗಿಲ ಬಳಿ ಪೃಥ್ವಿರಾಜ್. ಮಂದಿರದ ಪಾತ್ರೆಯ ಪಕ್ಕದಲ್ಲಿ ಮುರಾರಿ ತಂದ, ಅದೇ ಅಚ್ಚಿನ ಅಗ್ಗದ ಪಾತ್ರೆಯಿತ್ತು. ಮರಗಮ್ಮ ಎರಡಕ್ಕೂ ಅಗ್ಗದ ಉಕ್ಕನ್ನು ತೋರಿಸಿಕೊಡುವ ಮದ್ದಿನ ಒಂದೊಂದು ಹನಿ ಬಿಟ್ಟು ಸಣ್ಣ ಬ್ಯಾಟರಿ ತಾಗಿಸಿದರು. ಅಗ್ಗದ್ದರ ಮೇಲಿನ ಹನಿ ಕೆಂಪಾಯಿತು. ಮಂದಿರದ್ದು ಕೆಂಪಾಗಲಿಲ್ಲ.

“ಪರೀಕ್ಷಾ ತಪ್ಪಿಲ್ಲ, ಸೀಲೂ ಒಡದಿಲ್ಲ,” ಎಂದು ಅವರು ಶುರುಮಾಡಿದರು. ಹಾಲು ಉಕ್ಕಿಸಿದ ಪಾತ್ರೆಯ ತಳ ಬೆಂಕಿಗೆ ಬಣ್ಣ ತಿರುಗಲೇಬೇಕು; ಬರಿದೆ ತಿಕ್ಕಿದರೆ ಅದು ಹೋಗುವುದಿಲ್ಲ. ಫೋಟೊದ ಪಾತ್ರೆ ಒಲೆಯನ್ನೇ ಕಂಡಿರಲಿಲ್ಲ. ಅಂದರೆ ಬದಲಾದದ್ದು ಸೀಲಿಗೆ ಮುಂಚೆ, ಕಪಾಟಿನಲ್ಲಿ. ಆ ಕಪಾಟಿನಲ್ಲಿ ದೀಪದೆಣ್ಣೆಯಿತ್ತು. ಶುಕ್ರವಾರ ದೀಪ ಹಚ್ಚುವವರ ಬಳಿ ಇನ್ನೊಂದು ಬೀಗದ ಕೈ ಇರಲೇಬೇಕು. ವಾರವಾರವೂ ಕಾಣುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೋಸಗಾರನಾದರೆ ಅಸಲಿ ಪಾತ್ರೆಯನ್ನು ಗುಜರಿಗೆ ಹಾಕುತ್ತಿದ್ದ. ಅದನ್ನು ದೇವರ ಕೆಲಸಕ್ಕೇ ಕೊಡುವುದು ಅದಕ್ಕೆ ಕೈಮುಗಿದವರು ಮಾತ್ರ. ಮಾತು ಮುಗಿಸಿ ಅವರು ಮಂದಿರದ ಪಾತ್ರೆಯನ್ನು ಬೋರಲು ಹಾಕಿದರು. ತಳದಲ್ಲಿ ನವಿಲುಗರಿಯ ನೀಲಿ, ಹೊನ್ನು ಬಣ್ಣ ಹರಡಿತ್ತು.

ರತ್ನಾವತಿ ತಾವಾಗಿಯೇ ಮುಂದೆ ಬಂದರು. “ಅದನ್ನು ಗರಗಸ ಹಾಕಿ ತುಂಡು ಮಾಡ್ತಾರಂತೆ ಅಂತ ನೀವೇ ಊಟಕ್ಕೆ ಕೂತಾಗ ಹೇಳಿದ್ದು,” ಎಂದರು ಗಂಡನಿಗೆ. “ದೇವರಿಗೆ ಹಾಲು ಉಕ್ಕಿಸಿದ ಪಾತ್ರೆ. ಕೊಡ್ಲಿಕ್ಕೆ ಮನಸ್ಸಾಗಲಿಲ್ಲ. ಸ್ಟೋರಿನಿಂದ ಅದೇ ಥರದ್ದು ತಂದು, ಇದರ ಚೀಟಿ ಬಿಚ್ಚಿ ಅದಕ್ಕೆ ಕಟ್ಟಿದೆ. ಎಲ್ಲ ಒಂದೇ ಅಂತ ಗ್ರಹಿಸಿದ್ದೆ. ಆಮೇಲೆ ಹೇಳ್ಲಿಕ್ಕೆ ಬಾಯಿ ಬರಲಿಲ್ಲ.” ಪೃಥ್ವಿರಾಜನ ಕಡೆ ನೋಡಲಾರದೆ ಅವರು ಮಂದಿರದ ಪಾತ್ರೆಯನ್ನು ಕೈಗೆತ್ತಿಕೊಂಡರು.

ಜಯಶೀಲರು ಮಗಳತ್ತ ತಿರುಗಿದರು. “ಇದನ್ನು ಸಿಂಗಾಪುರಕ್ಕೆ ಕಳಿಸುವ. ಈಗಲೇ ಕಳಿಸುವ.”

“ಆಗುದಿಲ್ಲ ಪಪ್ಪ,” ಎಂದಳು ನಿಕಿತಾ. ತೀರ್ಪು ಕೊಟ್ಟ ಮೇಲೆ ಮಧ್ಯಸ್ಥರ ಅಧಿಕಾರ ಮುಗಿಯಿತು. ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂದಷ್ಟೇ ಅಲ್ಲಿನ ಕೋರ್ಟು ನೋಡುತ್ತದೆ, ತೀರ್ಪು ಸರಿಯೇ ಎಂದು ನೋಡುವುದಿಲ್ಲ. ಇಲ್ಲಿನ ಕೋರ್ಟೂ ಹಾಗೆಯೇ. “ಮೋಸ ಅವರದ್ದಾಗಿದ್ರೆ ಏನಾದ್ರೂ ಹೇಳಬಹುದಿತ್ತು. ತಪ್ಪು ಪಾತ್ರೆ ಕೊಟ್ಟದ್ದು ನಾವು. ಇದೇ ಸರಿ ಅಂತ ಸಹಿ ಹಾಕಿದ್ದೂ ನಾವೇ.”

ಲತೇಶ್ ಮರಗಮ್ಮನವರ ಮುಖ ನೋಡಿದ. ಯಾವಾಗಲೂ ಕೊನೆಗೊಂದು ಮಾತು ಇಟ್ಟುಕೊಂಡಿರುತ್ತಿದ್ದವರು ಬ್ಯಾಟರಿಯ ತಂತಿ ಸುತ್ತುತ್ತಿದ್ದರು.

“ಬಾ ಮಗಾ, ಮನೆಗೆ ಹೋಗುವ,” ಎಂದರು ಜಯಶೀಲರು ಬಾಗಿಲ ಕಡೆಗೆ. ಪೃಥ್ವಿರಾಜ್ ಬಾಗಿಲು ಬಿಟ್ಟು ಒಳಗೆ ಬಂದ. ಅತ್ತೆಯ ಕೈಯಿಂದ ಪಾತ್ರೆ ತೆಗೆದುಕೊಂಡು ತೊಳೆದು ಒಲೆಯ ಮೇಲಿಟ್ಟ.

ಭಜನೆ ಮುಗಿದು ಲತೇಶ್ ಪಾಯಸ ಬಡಿಸಿದ. ಸಾಲಿನ ಕೊನೆಯಲ್ಲಿ ಜಯಶೀಲರು ದೊನ್ನೆ ಹಿಡಿದು ಬಂದರು. ಪಾತ್ರೆ ಖಾಲಿಯಾಗಿತ್ತು. ಅವರು ಅದರೊಳಗೆ ಬಗ್ಗಿ, ಬೆರಳಿನಿಂದ ತಳವನ್ನು ಮೆಲ್ಲಗೆ ಸವರಿದರು.

“ನೋಡಿ,” ಎಂದರು, ಯಾರಿಗೆಂದಿಲ್ಲದೆ. “ತಳ ಹಿಡಿಯಲಿಲ್ಲ.”