ಅಜ್ಜಿಮರದ ತೊಟ್ಟಿಲು

“ಎತ್ತು ಆ ಕೂಸನ್ನ! ಅಜ್ಜಿ ವಾಸ ಮಾಡೋ ಎಲ್ಡರ್ ಮರದಲ್ಲಿ ಯಾವನಾದ್ರೂ ತೊಟ್ಟಿಲು ಮಾಡ್ತಾನೇನೋ, ಕತ್ತೆ?”

ಅತ್ತೆ ಕೆಜಾಯಾಳ ಬೈಗುಳಕ್ಕೆ ಆಂಬ್ರೋಸ್ ಹಲ್ಲು ಕಿರಿದ. ಅವನು ಪಟ್ಟಣದ ಬಡಗಿ. ಅವಳ ಮಗಳು ಲೆಟಿಸಳನ್ನು ಮದುವೆಯಾಗಿ ಕಳೆದ ವರ್ಷವಷ್ಟೇ ಈ ಕಾಡು ಸೇರಿದ್ದ. ಅವಳ ಮನೆತನದವರು ಅಜ್ಜಂದಿರ ಅಜ್ಜಂದಿರ ಕಾಲದಿಂದಲೂ ಇಲ್ಲೇ, ಓಕ್ ಮರಗಳ ನಡುವೆ ಇದ್ದಿಲು ಸುಟ್ಟು ಬದುಕಿದವರು.

“ಕಡಿಯೋ ಮುಂಚೆ ಟೋಪಿ ತೆಗೆದು ಕೇಳಿದ್ಯಾ?”

“ಯಾರನ್ನ? ಮರಾನಾ? ಆರೋಗ್ಯವಾ ಅಜ್ಜಿ, ಒಂದ್ಲೋಟ ಸೈಡರ್ ಕುಡೀತೀಯಾ ಅಂತಲೂ ಕೇಳ್ಬೇಕಿತ್ತೇನೋ!”

“ನಗು, ನಗು. ನಮ್ಮಪ್ಪ ಕೇಳ್ತಿದ್ದ, ಅವರಪ್ಪನೂ ಕೇಳ್ತಿದ್ದ. ಇವತ್ತು ನಿನ್ನ ಮೈ ನನಗಿರಲಿ ಅಜ್ಜಿ, ನಾಳೆ ನನ್ನ ಮೈ ನಿನಗೆ ಅಂತ. ಸತ್ತ ಮೇಲೆ ಎಲ್ಲರೂ ಎಲ್ಡರ್ ಬುಡದಲ್ಲೇ ಮಣ್ಣಾಗಿ ಆ ಸಾಲ ತೀರಿಸಿದ್ದಾರೆ. ನಮ್ಮೋರ ಗೋರಿ ಒಂದೂ ಚರ್ಚಿನ ಹತ್ರ ಯಾಕಿಲ್ಲ ಅಂದ್ಕೊಂಡೆ?”

ಅವನು ಉತ್ತರಿಸುವ ಮೊದಲೇ ತೊಟ್ಟಿಲು ಕಿರುಗುಟ್ಟಿತು. ತೂಗುವ ಕೈ ಯಾವುದೂ ಅದರ ಹತ್ತಿರ ಇರಲಿಲ್ಲ. ಹೊರಗೆ ಇನ್ನೂ ಸಂಜೆಯ ಬೆಳಕಿದ್ದರೂ ಮನೆಯೊಳಗೆ ಎಲೆ ಮುಚ್ಚಿದಂಥ ಹಸಿರುಗತ್ತಲೆ ಕವಿಯಿತು. ಎಲ್ಡರ್ ಎಲೆ ಹಿಸುಕಿದಾಗಿನ, ಇಲಿಯ ಉಚ್ಚೆಯಂಥ ನಾತ ಮೂಗಿಗೆ ಬಡಿಯಿತು.

ಲೆಟಿಸ್ ಓಡಿ ಬಂದು ಕೂಸಿನ ಬೆನ್ನಡಿ ಕೈ ಹಾಕಿದಳು. ಎತ್ತಲಾಗಲಿಲ್ಲ.

“ಅಮ್ಮಾ, ಅಂಟ್ಕೊಂಡಿದೆ... ಮಗು ಹಲಗೆಗೆ ಅಂಟ್ಕೊಂಡಿದೆ!”

ಕೂಸಿನ ತುಟಿ ಹಸಿರಾಗಿತ್ತು. ಪುಟ್ಟ ಬೆರಳುಗಳು ಕಡ್ಡಿಯಂತೆ ಸೆಟೆದಿದ್ದವು. ಆಂಬ್ರೋಸ್ ಕೊಡಲಿ ಎತ್ತಿ ತೊಟ್ಟಿಲ ಕಾಲಿಗೆ ಬೀಸಿದ. ಮರಕ್ಕೆ ಏಟು ಬಿತ್ತು. ಕೂಸು ಚೀರಿತು. ಅದರ ಕಾಲ ಮೇಲೆ ಕೆಂಪು ಗೆರೆಯೊಂದು ತೆರೆದುಕೊಂಡಿತು.

ಕೊಡಲಿ ಕೈಜಾರಿತು.

“ಈಗ... ಈಗ ಕೇಳಿದ್ರೆ ಆಗಲ್ವಾ ಅತ್ತೆ?”

ಕೆಜಾಯಾಳ ಸಿಟ್ಟು ಎಲ್ಲಿ ಹೋಯಿತೋ, ದನಿ ತಗ್ಗಿತ್ತು. “ಆಗುತ್ತೆ. ಆದ್ರೆ ಮೊದಲೇ ಕೇಳಿದವರು ಸತ್ತ ಮೇಲೆ ತೀರಿಸ್ತಾರೆ. ಕಡಿದ ಮೇಲೆ ಕೇಳಿದವರು ಆವಾಗಲೇ ತೀರಿಸ್ಬೇಕು, ಮಗಾ.”

ಅವಳು ಅವನನ್ನು ಮಗಾ ಎಂದದ್ದು ಅದೇ ಮೊದಲು. ಆಂಬ್ರೋಸ್ ಕೂಸಿನ ಮುಖ ನೋಡಿದ. ಲೆಟಿಸಳತ್ತ ನೋಡಲಿಲ್ಲ. ನೋಡಿದ್ದರೆ ಹೋಗಲಾಗುತ್ತಿರಲಿಲ್ಲ. ಬಾಗಿಲು ದಾಟಿದ.

ಇದ್ದಿಲ ಭಟ್ಟಿಯ ಆಚೆ, ಅವನು ಕಡಿದ ಎಲ್ಡರ್ ಮರದ ಬುಡ ಬೆಳ್ಳಗೆ ಅವನಿಗಾಗಿ ಕಾಯುತ್ತಿತ್ತು. ಟೋಪಿ ತೆಗೆದ. ಮಂಡಿಯೂರಿದ. ಅತ್ತೆಯ ಅಪ್ಪ ಹೇಳುತ್ತಿದ್ದ ಮಾತನ್ನೇ ಹೇಳಿದ. ಮೊದಲರ್ಧ. ಆಮೇಲೆ ಉಳಿದರ್ಧ.

ಮನೆಯೊಳಗೆ ಕೂಸು ಅತ್ತಿತು. ಹಸಿದ ಕೂಸಿನ ಗಟ್ಟಿ ಅಳು. ಲೆಟಿಸ್ ನಗುತ್ತಲೂ ಅಳುತ್ತಲೂ ಇದ್ದಳು. ಆಂಬ್ರೋಸ್ ಏಳಬೇಕೆಂದುಕೊಂಡ. ಮಂಡಿ ಮಣ್ಣು ಬಿಡಲಿಲ್ಲ. ಮಣ್ಣು ತಣ್ಣಗೆ ಮೇಲೇರಿತು. ತೊಡೆಗೆ. ಸೊಂಟಕ್ಕೆ. ಎದೆಗೆ.

“ಆಂಬ್ರೋಸ್! ಬಿಟ್ಟಿತು! ಮಗು ಬಿಟ್ಟು ಬಂತು! ಎಲ್ಲಿದೀಯಾ?”

ಓಗೊಡಲು ಬಾಯಿ ತೆರೆದ. ದನಿಯ ಬದಲು ಎಲೆಗಳು ಸದ್ದು ಮಾಡಿದವು. ಗಾಳಿ ಇರಲಿಲ್ಲ.

“ಕೂಗ್ಬೇಡ ಮಗಳೇ,” ಒಳಗಿನಿಂದ ಕೆಜಾಯಾಳ ದನಿ ಕೇಳಿತು. “ಮೇಜಿನ ಮೇಲಿಂದ ಅವನ ತಟ್ಟೆ ಎತ್ತಿಡು.”