ಸತ್ತ ಕುದುರೆಯ ಕಡಿವಾಣ

ನೆನೆಹಾಕಿದ ಸೆಣಬನ್ನು ಬಂಡೆಗೆ ಬಡಿಯುತ್ತಿದ್ದ ಜಿಯಾಕಾಳ ಕೈ ಅರ್ಧಕ್ಕೇ ನಿಂತಿತು. ಹೊಸದಾಗಿ ಬಂದ ರೋಮನ್ ದಳಪತಿ ಲಾರ್ಟಿಯಸ್ ಗೋರಿಯ ದಿಬ್ಬದಿಂದ ಇಳಿದು ಬರುತ್ತಿದ್ದ. ಕೋಟೆಗೆ ಮಣ್ಣು ಬೇಕೆಂದು ಬೆಳಗಿನಿಂದ ಅಗೆಸುತ್ತಿದ್ದವನ ಕೈಯಲ್ಲಿ ಈಗ ಒಂದು ಕಡಿವಾಣ. ಅವಳ ಗಂಡನ ಜೊತೆ ಹೂತ ಕುದುರೆಯದು.

“ಅದನ್ನ ಅಲ್ಲೇ ಇಟ್ಬಿಡಿ ದೊರೆ. ಮಂತ್ರ ಹಾಕಿ ಹೂಳಿದ್ದು. ತೆಗೆದವನ ಬಾಯಿಗೇ ಬೀಳುತ್ತೆ.”

ಜೊತೆಗಿದ್ದ ಬಿತುಸ್ ಅದನ್ನು ರೋಮನ್ನರ ಮಾತಿಗೆ ತಿರುಗಿಸಿ ಹೇಳಿದ. ಅವನೂ ಅವಳಂತೆ ಥ್ರೇಸ್ ನಾಡಿನವನೇ, ಸಂಬಳಕ್ಕಾಗಿ ಅವರ ಈಟಿ ಹಿಡಿದವನು.

ಲಾರ್ಟಿಯಸ್ ಗಹಗಹಿಸಿದ. ಕಡಿವಾಣವನ್ನು ಹಲ್ಲಿನಲ್ಲಿ ಕಚ್ಚಿ ಕುದುರೆಯಂತೆ ಕೆನೆದ. ಸೈನಿಕರು ಬಿದ್ದು ಬಿದ್ದು ನಕ್ಕರು. ತುಕ್ಕು ತುಟಿ ಕೊಯ್ದು ರಕ್ತ ಜಿನುಗಿತು.

“ಅವಳ ಗಂಡನ ಕುದುರೆಗಿಂತ ನನ್ನ ಹಲ್ಲೇ ಗಟ್ಟಿ ಅಂತ ಹೇಳೋ ಆ ಮುಂಡೆಗೆ!”

ಜಿಯಾಕಾ ತಲೆ ತಗ್ಗಿಸಿದಳು. ಬೆಟ್ಟದ ಯಾವ ಗವಿಯಲ್ಲಿ ಅವಳ ತಂಗಿ, ತಂಗಿಯ ಮಕ್ಕಳು, ಊರಿನ ಅರುವತ್ತು ಜನ ಅಡಗಿದ್ದಾರೆಂದು ಇವನಿಗೆ ಗೊತ್ತಿತ್ತು. ರೋಮನ್ನರ ಮಾತು ಬಲ್ಲ ಸೆರೆಯಾಳೊಬ್ಬ ಚಾಟಿಯೇಟಿಗೆ ಸಾಯುವ ಮುನ್ನ ನಿನ್ನೆ ಅವಳ ಕಣ್ಣೆದುರೇ ಇವನೊಬ್ಬನ ಕಿವಿಯಲ್ಲಿ ಹೇಳಿದ್ದ. ಹೆಸರು ತನಗೊಬ್ಬನಿಗೇ ಬರಲೆಂದು ಇವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನಾಳೆ ದಂಡು ಹೊರಡುವುದಿತ್ತು.

ಮಧ್ಯಾಹ್ನ ಬಿತುಸ್ ಓಡಿ ಬಂದ. “ಅಕ್ಕಾ, ಬೇಗ ಬಾ!”

ದಳಪತಿಯ ಡೇರೆಯೊಳಗೆ ಹುಳಿ ಮದ್ಯದ, ಉಚ್ಚೆಯ ವಾಸನೆ. ಅದರ ಮೇಲೆ ಕುದುರೆ ಬೆವರಿನ ಗಾಢ ನಾತ. ಅಲ್ಲಿ ಕುದುರೆಯೇ ಇರಲಿಲ್ಲ. ಲಾರ್ಟಿಯಸನ ದವಡೆ ಕಚ್ಚಿಕೊಂಡಿತ್ತು. ಇಬ್ಬರು ಚಮಚದ ಹಿಡಿ ತೂರಿಸಿ ಮೀಟಿದರು. ಹಲ್ಲು ಮುರಿಯಿತು, ಬಾಯಿ ತೆರೆಯಲಿಲ್ಲ. ಬೆರಳುಗಳು ಲಗಾಮು ಹಿಡಿದಂತೆ ಮಡಚಿದ್ದವು, ಬರೆಯಲೂ ಆಗುತ್ತಿರಲಿಲ್ಲ. ಹೊರಗೆ ಗೊರಸಿನ ಸದ್ದು. ಹತ್ತಿರ. ಇನ್ನೂ ಹತ್ತಿರ. ನಿಂತಿತು. ಕಣ್ಣಿಗೆ ಕಾಣದ ಯಾರೋ ಲಗಾಮು ಎಳೆದರು. ಅವನ ಕತ್ತು ಹಿಂದಕ್ಕೆ ವಾಲಿತು. ಬೆನ್ನು ಬಿಲ್ಲಾಯಿತು. ಕಣ್ಣು ಮಾತ್ರ ಅವಳನ್ನು ಬೇಡುತ್ತಿತ್ತು.

“ಬಿಡಿಸೋಕಾಗುತ್ತಾ ಅಕ್ಕಾ?”

“ಸತ್ತವನ ಹೆಂಡ್ತಿ ಕೈಯಿಂದ ಕಡಿವಾಣ ಕುದುರೆ ಬಾಯಿಗೆ ವಾಪಸ್ ಇಟ್ರೆ ಬಿಡುತ್ತೆ.”

“ಇಟ್ಟು ಬಾ ನಮ್ಮವ್ವಾ. ಸಂಜೆಯೊಳಗೆ ಇವನು ಮಾತಾಡ್ಲಿಲ್ಲ ಅಂದ್ರೆ ನಿನ್ನ ಶಿಲುಬೆಗೆ ಹಾಕ್ತಾರಂತೆ. ನಿನ್ನೊಬ್ಬಳನ್ನೇ.”

ಬಿತುಸ್ ದಿಬ್ಬದ ಬುಡದಲ್ಲೇ ನಿಂತುಬಿಟ್ಟ. ಅವಳು ಡೇರೆಯಿಂದ ತಂದ ಕಡಿವಾಣ ಹಿಡಿದು ಒಬ್ಬಳೇ ಕುಣಿಗಿಳಿದಳು. ಹಸಿಮಣ್ಣಿನ ತಣ್ಣನೆಯ ಉಸಿರು. ಕುದುರೆಯ ಬುರುಡೆ ಬಾಯಿ ತೆರೆದು ಕಾಯುತ್ತಿತ್ತು. ಕಡಿವಾಣವನ್ನು ಹತ್ತಿರ ಒಯ್ದಳು. ಕೆಳಗಿನ ಡೇರೆಯಿಂದ ನರಳಾಟ ಕೇಳಿತು. ನಾಲಗೆ ಸಡಿಲಗೊಂಡು ಮಾತೊಂದು ಹೊರಳಲು ಹವಣಿಸುತ್ತಿತ್ತು.

ಜಿಯಾಕಾ ಕೈ ಹಿಂದೆಗೆದಳು. ನರಳಾಟ ಕತ್ತರಿಸಿದಂತೆ ನಿಂತಿತು.

ಆಮೇಲೆ ಬುರುಡೆಯ ಬಾಯಿಗೆ ಮಣ್ಣು ತುಂಬಿದಳು. ಕಡಿವಾಣವನ್ನು ಲಂಗದೊಳಗೆ, ಹೊಟ್ಟೆಗೆ ಬಿಗಿದು ಕಟ್ಟಿಕೊಂಡು ಮೇಲೆ ಬಂದು, ದಿಬ್ಬ ಇಳಿದಳು.

“ಇಟ್ಟೆಯೇನಕ್ಕಾ?”

“ಇಟ್ಟೆ,” ಎಂದಳು. “ಸಂಜೆಗೆ ಬಾಯಿ ಬಿಡ್ತಾನೆ.”