ಅಪ್ಪನ ಪೆಟ್ಟಿಗೆಯ ದನಿ

"ಮಾವಾ, ಬೇಗ ಬನ್ನಿ. ಮೇಲೆ ಕಳ್ಳತನ ಆಗಿದೆ!"

ಗಡಿಯಾರ ರಿಪೇರಿಯ ಮಾವ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು, "ಏನು ಹೋಯ್ತು?" ಎಂದರು.

"ಒಂದು ದನಿ" ಎಂದಳು ಸೋದರ ಸೊಸೆ.

ಬೇರೆಯವರಾಗಿದ್ದರೆ ನಗುತ್ತಿದ್ದರು. ಮಾವ ಚಪ್ಪಲಿ ಹುಡುಕಿದರು. ಬೀದಿಯಲ್ಲಿ ಯಾರದು ಏನು ಕಳೆದರೂ ಮೊದಲು ಅವರ ಅಂಗಡಿಗೆ ಬರುವುದು ರೂಢಿ. ಅವರು ಪತ್ತೆ ಹಚ್ಚಿದ ಕತೆಗಳನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುವುದು ಈ ಸೊಸೆಯ ಚಾಳಿ. ಅಂಗಡಿಯ ಮೇಲಿನ ರೆಕಾರ್ಡಿಂಗ್ ಕೋಣೆ ಅವಳದೇ.

ಮೆಟ್ಟಿಲು ಹತ್ತುತ್ತಲೇ ಅವಳು ಎಲ್ಲ ಹೇಳಿದಳು. ಅಲ್ಲಿ ನುಡಿಸುವ ತಂಡದ ಗಿಟಾರಿನವನ ತಂದೆ ಬಿಟ್ಟುಹೋದ ಹಳೆಯ ಸ್ಪೀಕರ್ ಪೆಟ್ಟಿಗೆಯೊಂದಿತ್ತು. ಅದು ಕೆಟ್ಟು ಮೂಲೆ ಸೇರುವ ಮೊದಲು, ಎದುರಿಗೆ ಎರಡು ಮೈಕುಗಳನ್ನು ಜೋಡಿಯಾಗಿಟ್ಟು ಒಂದೇ ಸಲ ಅದರ ದನಿಯ ಅಚ್ಚು ತೆಗೆದಿದ್ದರು. 'ಟಪ್' ಎನ್ನುವ ಎರಡು ಪುಟ್ಟ ಫೈಲುಗಳು. ಇಂಥ ಅಚ್ಚಿಗೆ ಕಸುಬಿನವರು ಐಆರ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಎರಡನ್ನೂ ಬೆರೆಸಿ ಗಿಟಾರನ್ನು ಅವುಗಳ ಮೂಲಕ ಹಾಯಿಸಿದರೆ ಅಪ್ಪನ ಪೆಟ್ಟಿಗೆಯೇ ಮಾತಾಡುತ್ತಿತ್ತು. ನಿನ್ನೆಯವರೆಗೆ. ಇವತ್ತು ಫೈಲುಗಳ ಹೆಸರು ಅದೇ, ದನಿ ಮಾತ್ರ ಕೊಳವೆಯಿಂದ ಬಂದಂತೆ ಟೊಳ್ಳು.

ಗಿಟಾರಿನವನು ಬೆಳಗಿನಿಂದ ಇಂಟರ್ನೆಟ್ಟಿನಲ್ಲಿ ಸಿಕ್ಕ ನಲವತ್ತು ಐಆರ್‌ಗಳನ್ನು ಒಂದೊಂದಾಗಿ ಹಾಕಿ ಕೇಳಿದ್ದ. "ಇದು ಚುಚ್ಚುತ್ತೆ, ಅದು ಕಂಬಳಿ ಹೊದ್ಕೊಂಡಿದೆ. ಯಾವುದೂ ಅಪ್ಪಂದಲ್ಲ" ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮೂಲೆಯಲ್ಲಿ ಡ್ರಮ್ಮಿನವನು ಮುಖ ಊದಿಸಿಕೊಂಡು ಗಂಟುಮೂಟೆ ಕಟ್ಟುತ್ತಿದ್ದ.

"ಇವನೇ ಮಾಡಿದ್ದು ಮಾವ!" ಗಿಟಾರಿನವನು ಅವನತ್ತ ಬೆರಳು ತೋರಿಸಿದ. "ಆ ಪೆಟ್ಟಿಗೆ ಡಬ್ಬ ಬಡಿದ ಹಾಗಿದೆ, ಬೇರೆ ಹಾಕು ಅಂತ ಒಂದು ತಿಂಗಳಿಂದ ಪ್ರಾಣ ತಿಂತಿದ್ದ. ಬೆಳಿಗ್ಗೆ ಮೊದಲು ಬಂದವನೂ ಇವನೇ. ಇನ್ನು ಇವನ ಜೊತೆ ನಾನು ನುಡಿಸಲ್ಲ."

"ಹತ್ತು ವರ್ಷದ ಸ್ನೇಹಾನ ಹೀಗೆ ಒದ್ದುಬಿಟ್ಟೆಯಲ್ಲೋ" ಎಂದು ಡ್ರಮ್ಮಿನವನು ಚೀಲದ ಬಾಯಿಗೆ ಗಂಟು ಹಾಕಿದ.

ಗಿಟಾರಿನವನ ಅಕ್ಕ ಎದ್ದು ಬಂದಳು. ಹಗಲೆಲ್ಲ ಬಟ್ಟೆ ಹೊಲಿಗೆ, ಸಂಜೆ ತಂಡದ ಫೈಲುಗಳನ್ನು ಓರಣ ಮಾಡಿಡುವುದು ಅವಳ ಕೆಲಸ. "ಒಂದು ನಿಮಿಷ ಮಾವ" ಎಂದು ಅವರ ತೋಳಿನಿಂದ ಇಳಿಬಿದ್ದ ದಾರವನ್ನು ಕಚಕ್ಕನೆ ಕತ್ತರಿಸಿದಳು. "ನಿನ್ನೆ ನಾನು ಹೋಗೋವಾಗ ಎಲ್ಲ ಸರಿಯಾಗೇ ಇತ್ತು."

"ಕೇಳಿ ನೋಡಿದೆಯಾ?"

"ಎಲ್ಲಿ ಪುರುಸೊತ್ತು? ಕೆಲಸ ಅರ್ಧದಲ್ಲಿರುವಾಗಲೇ ಗಿರಾಕಿ ಫೋನು ಬಂತು, ಓಡಿದೆ."

ಮಾವ ಸೊಸೆಯ ಕಡೆ ತಿರುಗಿದರು. "ಒಂದೊಂದನ್ನೇ ಹಾಕಮ್ಮ."

ಮೊದಲನೆಯದು ಬೆಚ್ಚಗಿತ್ತು. ಎರಡನೆಯದೂ ಚೆನ್ನಾಗಿತ್ತು. ಎರಡಕ್ಕೂ ಗಿಟಾರಿನವನು 'ಇದು ಅಪ್ಪಂದೇ' ಎಂದು ತಲೆಯಾಡಿಸಿದ. ಎರಡನ್ನೂ ಬೆರೆಸಿದರೆ ಮತ್ತೆ ಟೊಳ್ಳು.

"ಉದ್ದ ಎಷ್ಟೆಷ್ಟು?"

"ಒಂದು ಇನ್ನೂರು ಮಿಲಿಸೆಕೆಂಡು. ಇನ್ನೊಂದು... ಅರೆ, ನೂರ ತೊಂಬತ್ತೆಂಟು!"

ಮಾವ ಎಲ್ಲರನ್ನೂ ಕೂರಿಸಿದರು. "ಇಲ್ಲಿ ಕಳ್ಳ ಇಲ್ಲ, ಕತ್ತರಿ ಇದೆ. ಫೈಲು ಬದಲಾಗಿದ್ರೆ ಬಿಡಿಬಿಡಿಯಾಗಿ ಕೇಳಿದಾಗಲೂ ಅಪ್ಪನ ದನಿ ಇರ್ತಿರಲಿಲ್ಲ. ಎರಡೂ ಅಪ್ಪಂದೇ. ಆದ್ರೆ ಒಂದೇ ಸಲ ಹಿಡಿದವು ಒಂದೇ ಉದ್ದ ಇರಬೇಕಲ್ಲ? ಒಂದರ ಮುಂದಿದ್ದ ಮೌನ ಯಾರೋ ಕತ್ತರಿಸಿದ್ದಾರೆ. ಅದು ಮುಂಚೆ ಹೊರಡುತ್ತೆ, ಇನ್ನೊಂದು ಹಿಂದೆ ಬೀಳುತ್ತೆ. ಒಂದು ಎತ್ತಿದ ಅಲೆಯನ್ನ ಇನ್ನೊಂದು ಇಳಿಸುತ್ತೆ, ಅದಕ್ಕೇ ಟೊಳ್ಳು. ಹಾಳು ಮಾಡೋ ಮನಸ್ಸಿದ್ದವನು ಫೈಲನ್ನೇ ಅಳಿಸ್ತಿದ್ದ. ಎರಡು ಮಿಲಿಸೆಕೆಂಡು ಖಾಲಿ ಕಂಡ್ರೂ ಕೈ ತಡೆಯದವರು ಯಾರು? ನನ್ನ ತೋಳಿನ ದಾರ ಬಿಡದವರು! ಎರಡನೇದಕ್ಕೆ ಕತ್ತರಿ ಹಾಕೋ ಹೊತ್ತಿಗೆ ಫೋನು ಬಂತು."

"ಅಯ್ಯೋ!" ಅಕ್ಕ ಬಾಯಿ ಮುಚ್ಚಿಕೊಂಡಳು. "ಮುಂದುಗಡೆ ಬರೀ ಖಾಲಿ ಇತ್ತಪ್ಪ, ಚೊಕ್ಕ ಮಾಡೋಣ ಅಂತ..."

ಸೊಸೆ ಎರಡು ಮಿಲಿಸೆಕೆಂಡು ಮೌನವನ್ನು ಮೊದಲಿನ ಜಾಗಕ್ಕೆ ಸೇರಿಸಿದಳು. ಗಿಟಾರಿನವನು ತಂತಿ ಮೀಟಿದ. ಅಪ್ಪನ ಪೆಟ್ಟಿಗೆ ಕೋಣೆ ತುಂಬ ಗುಡುಗಿತು. ಅವನ ಕಣ್ಣು ತುಂಬಿತು. ಎದ್ದು ಹೋಗಿ ಡ್ರಮ್ಮಿನ ಚೀಲದ ಗಂಟನ್ನು ತಾನೇ ಬಿಚ್ಚಿದ.

"ತಪ್ಪಾಯ್ತು ಕಣೋ."

"ಈಗಲೂ ಡಬ್ಬ ಬಡಿದ ಹಾಗೇ ಇದೆ" ಎಂದ ಡ್ರಮ್ಮಿನವನು, ಮೂಗೊರೆಸಿಕೊಳ್ಳುತ್ತ.

"ಹೌದು, ನಮ್ಮಪ್ಪನ ಡಬ್ಬ. ಬಾ, ನುಡಿಸು."

ಎಲ್ಲರೂ ನಕ್ಕರು. ಸೊಸೆ ರೆಕಾರ್ಡಿಂಗ್ ಗುಂಡಿ ಒತ್ತಿದಳು. ಹಾಡು ಶುರುವಾಗುವ ಮುಂಚೆ ಒಂದಿಷ್ಟು ಹೊತ್ತು ಯಾವ ಸದ್ದೂ ಇರಲಿಲ್ಲ. ಅದನ್ನು ಅಕ್ಕ ಇವತ್ತಿಗೂ ಕತ್ತರಿಸಿಲ್ಲ.